ಅವಳು ಹೇಳಿದ್ದು ಅದಲ್ಲ

ಮಾರ್ಚ್ 11, ಮಂಗಳವಾರ

ಬಚ್ಚಲಲ್ಲಿ ಮತ್ತೆ ನೀರು ನಿಂತಿದೆ. ಪಾದ ಮುಳುಗುವಷ್ಟು. ಇವರು ತಂತಿ ಹಾಕಿ ಕೆದಕಿದರು. ಆಫೀಸಿಗೆ ತಡವಾಯಿತೆಂದು ಅರ್ಧಕ್ಕೇ ಬಿಟ್ಟು ಹೋದರು. ನಾನು ಸೋಡಾ ಹಾಕಿ ಬಿಸಿನೀರು ಸುರಿದೆ. ಗುಳುಗುಳು ಸದ್ದು ಬಂತು. ನಿಧಾನಕ್ಕೆ ಇಳಿಯಿತು. ಇಳಿದ ಮೇಲೆ ವಾಸನೆ...

ಅತ್ತೆ ಈಗೀಗ ಬಚ್ಚಲಿಗೆ ಹೋದರೆ ಹೊರಗೆ ಬರುವುದೇ ಇಲ್ಲ. ಒಳಗಿನಿಂದ ಚಿಲಕ. ನಳ ಬಿಟ್ಟೇ ಇರುತ್ತಾರೆ. ಕೂಗಿದರೆ "ಬಂದೆ, ತಡೀವಾ" ಅನ್ನುತ್ತಾರೆ. ಈ ವಯಸ್ಸಿನಲ್ಲಿ ಜಾರಿ ಬಿದ್ದರೆ ಬಾಗಿಲು ಒಡೆಯಬೇಕಾದೀತು. ಹೇಳಿದರೆ ಕೇಳುವುದಿಲ್ಲ.

ಪಕ್ಕದ ಹಳೆಯ ವಾಡೆ ಕೆಡವಿದ ಜಾಗದಲ್ಲಿ ಇವತ್ತು ಕಾಂಕ್ರೀಟ್ ಹಾಕಿದರು. ದಿನವಿಡೀ ಮಷಿನ್ನಿನ ಗದ್ದಲ, ಮನೆ ತುಂಬ ಧೂಳು. ಸಂಜೆ ಮಾತ್ರ ಸ್ವಲ್ಪ ಚೆನ್ನಾಗಿರುತ್ತದೆ. ಆ ಪ್ಲಾಟಿನ ತಗಡಿನ ಶೆಡ್ಡಿನಲ್ಲಿರುವ ಮಾನಮ್ಮ ಕೆಲಸ ಮುಗಿಸಿ ಗೋಡೆಯ ಹತ್ತಿರ ಬರುತ್ತಾಳೆ. ಈ ಕಡೆ ಅತ್ತೆ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಅವಳು ಶಹಾಪುರದ ಕಡೆಯವಳು, ಅತ್ತೆ ವಿಜಾಪುರದವರು. ಮಳೆ, ಜೋಳ, ಯಾರ ಮಗಳಿಗೆ ಎಲ್ಲಿ ಗಂಡು ಸಿಕ್ಕಿತು... ಎಲ್ಲರೂ ಮರಾಠಿ ಆಡುವ ಈ ಸದಾಶಿವ ಪೇಠದಲ್ಲಿ ಅತ್ತೆಗೆ ಬಾಯ್ತುಂಬ ಮಾತಾಡಲು ಇರುವುದು ಅವಳೊಬ್ಬಳೇ. ನಾನಿದ್ದೇನೆ. ಆದರೆ ನಾನು ಅಷ್ಟು ಹೊತ್ತು ಕೂರುವುದಿಲ್ಲ.

ಮಾರ್ಚ್ 15, ಶನಿವಾರ

ಸಂಜೆ ದತ್ತು ಕಾಕಾರ ಮನೆಯಲ್ಲಿ ಮೀಟಿಂಗ್. ಗಲ್ಲಿಯ ಮಂಡಳಕ್ಕೆ ಅವರೇ ಅಧ್ಯಕ್ಷರು, ಎಷ್ಟೋ ವರ್ಷದಿಂದ. ಯುಗಾದಿ ಪಾಡವ್ಯಾಕ್ಕೆ ಮೊದಲು ಇಡೀ ಗಲ್ಲಿ ಸ್ವಚ್ಛ ಆಗಬೇಕಂತೆ. ಮುಂದಿನ ಭಾನುವಾರ, 23ಕ್ಕೆ. ಎಲ್ಲರೂ ಪೊರಕೆ ಹಿಡಿಯಬೇಕು, ಯಾರೂ ನೆಪ ಹೇಳಬಾರದು.

ಇನ್ನೊಂದು ಮಾತು ಒತ್ತಿ ಹೇಳಿದರು. ಮನೆಯಿಂದ ಗಲ್ಲಿಯ ಗಟಾರದ ಚೇಂಬರ್ ತನಕದ ಪೈಪು ಆಯಾ ಮನೆಯವರ ಜವಾಬ್ದಾರಿ. ಮಳೆಗಾಲಕ್ಕೆ ಮುಂಚೆ ಎಲ್ಲರೂ ತಮ್ಮ ತಮ್ಮ ಲೈನ್ ನೋಡಿಸಿಕೊಳ್ಳಬೇಕು. ಇವರು ನನ್ನ ಕಡೆ ನೋಡಿದರು. ನಾನು ಇವರ ಕಡೆ ನೋಡಿದೆ. ಮನೆಗೆ ಬಂದ ಮೇಲೆ "ಪಾಡವ್ಯಾ ಆಗ್ಲಿ, ಪ್ಲಂಬರನ್ನ ಕರಸೋಣು" ಅಂದರು.

ಹೆಂಗಸರ ಜವಾಬ್ದಾರಿ ನನ್ನದು. ಶೆಡ್ಡಿನವರಿಗೆ ತಿಳಿಸುವುದೂ ನನ್ನದೇ. "ವಹಿನಿ, ತುಮಚೀ ಭಾಷಾ ಆಹೇ ನಾ!" ಅಂದರು ಕಾಕಾ. ಅತ್ತಿಗೆ, ನಿಮ್ಮ ಭಾಷೆಯವರಲ್ಲವೇ ಎಂದು. ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೊಳಗೇ ಸ್ವಲ್ಪ ಚುಚ್ಚಿತು. ಇಷ್ಟು ವರ್ಷ ಈ ಗಲ್ಲಿಯಲ್ಲಿ ಬಾಳ್ವೆ ಮಾಡಿದ್ದೇನೆ, ಗಣಪತಿಯ ಆರತಿ ಅವರಿಗಿಂತ ಚೆನ್ನಾಗಿ ಹೇಳುತ್ತೇನೆ. ಆದರೂ ನನ್ನನ್ನು ಶೆಡ್ಡಿನ ಜೊತೆ ಸೇರಿಸಿ ನೋಡುತ್ತಾರೆ ಅನಿಸಿತು.

ಮಾರ್ಚ್ 19, ಬುಧವಾರ

ಚೇಂಬರ್ ಉಕ್ಕಿದೆ. ಕಪ್ಪು ನೀರು ಹರಿದು ಕಾಕಾರ ಗೇಟಿನ ಮುಂದೆ ನಿಂತಿದೆ. ಬೆಳಿಗ್ಗೆಯಿಂದ ಗ್ರೂಪಿನಲ್ಲಿ ಅದೇ ಫೋಟೋ.

ಹಾಲು ತರಲು ಹೋದಾಗ ನಾಲ್ಕು ಜನ ಹೆಂಗಸರು ಮೂಗು ಮುಚ್ಚಿಕೊಂಡು ನಿಂತಿದ್ದರು. ಆ ಚೇಂಬರಿಗೆ ಬಂದು ಸೇರುವುದು ನಮ್ಮ ಬಚ್ಚಲಿನ ಪೈಪು, ಎದುರಿನ ಎರಡು ಮನೆಯ ಪೈಪು, ಮತ್ತೆ ಶೆಡ್ಡಿನವರು ಬಟ್ಟೆ ಒಗೆಯುವ ಕಲ್ಲಿನ ನೀರು. ಆದರೆ ಎಲ್ಲರ ಕಣ್ಣೂ ಶೆಡ್ಡಿನ ಕಡೆಗೇ. "ಅವರೇ ಏನೋ ಹಾಕಿರುತ್ತಾರೆ" ಅಂದಳು ಪ್ರಾಚಿ, ಎದುರು ಮನೆಯ ಸೊಸೆ. "ನೀವು ಪಕ್ಕದಲ್ಲೇ ಇದ್ದೀರಿ, ನೋಡಿಲ್ಲವಾ?"

ನೋಡಿದ್ದೇನೆ ಅಂದೆ.

ನೋಡಿದ್ದು ಏನು? ಮಾನಮ್ಮ ಪಾತ್ರೆ ತೊಳೆದ ನೀರು ಚೆಲ್ಲಿದ್ದು. ಅಷ್ಟೇ. ನಮ್ಮ ಬಚ್ಚಲ ವಿಷಯ ಯಾರ ಬಾಯಲ್ಲೂ ಬಾರದಿರಲಿ ಎಂದು ನಾಲಿಗೆ ತಾನೇ ಆಡಿಬಿಟ್ಟಿತು. ಈಗ ಬರೆಯುವಾಗ ಸರಿಯಿಲ್ಲ ಅನಿಸುತ್ತಿದೆ. ಹೋಗಲಿ, ಭಾನುವಾರ ಹೇಗೂ ತೆಗೆಸುತ್ತಾರೆ.

ಮಾರ್ಚ್ 23, ಭಾನುವಾರ, ಮಧ್ಯಾಹ್ನ

ಊಟ ಸೇರಲಿಲ್ಲ. ಮಲಗಿದರೆ ನಿದ್ದೆ ಇಲ್ಲ. ಬರೆಯುತ್ತೇನೆ.

ಬೆಳಿಗ್ಗೆ ಎಲ್ಲರೂ ಸೇರಿದರು. ತಲೆಗೆ ಟೋಪಿ, ಕೈಗೆ ಗ್ಲೌಸ್. ಗಲ್ಲಿ ಗುಡಿಸಿ, ತೊಳೆದು, ಗೋಡೆಯ ಹಳೆಯ ಪೋಸ್ಟರ್ ಕಿತ್ತು... ನಿಜಕ್ಕೂ ಹಬ್ಬದ ಹಾಗಿತ್ತು. ಕೊನೆಗೆ ಚೇಂಬರ್. ಪಾಲಿಕೆಯ ಗಾಡಿ ನಾಳೆ ಬರುತ್ತದೆಂದು ಮೊದಲೇ ತಿಳಿಸಿದ್ದರು. ಅದು ಬಂದು ಪೈಪು ಹಾಕಿ ಎಳೆದಿದ್ದರೆ ಮುಗಿದಿತ್ತು. ಕಾಕಾ ಕೇಳಲಿಲ್ಲ. "ನಾಳೆ ಯಾಕೆ? ತುಂಬಿಸಿದವರೇ ತೆಗೆಯಲಿ."

ಅಂಬಣ್ಣನನ್ನು ಕರೆಸಿದರು. ಮಾನಮ್ಮನ ಗಂಡ. ರಜೆಯ ದಿನ, ತಲೆಗೆ ಎಣ್ಣೆ ಹಚ್ಚಿಕೊಂಡು ಬಿಳಿ ಅಂಗಿ ಹಾಕಿದ್ದ. ಅವನಿಗೆ ಮರಾಠಿ ಒಂದಕ್ಷರ ಬರುವುದಿಲ್ಲ. ನಾನು ಹೇಳಬೇಕಾಯಿತು. ಹೇಳಿದೆ.

"ನಾ ಕಟ್ಟಡದ ಸೆಂಟ್ರಿಂಗ್ ಮಾಡಾಂವ್ರಿ ಅಕ್ಕಾರ" ಅಂದ. "ಇದು ನನ್ನ ಕೆಲಸ ಅಲ್ರಿ."

ಕಾಕಾರಿಗೆ "ಅಭ್ಯಾಸವಿಲ್ಲವಂತೆ" ಅಂದೆ. "ಆಗುತ್ತದೆ" ಅಂದರು ಅವರು. ಕಾಂಟ್ರಾಕ್ಟರನ ಮುಕಾದಮ, ಕೂಲಿಯಾಳುಗಳ ಮೇಲ್ವಿಚಾರಕ, ಅಲ್ಲೇ ನಿಂತಿದ್ದ. ಮಾಡು ಎಂದು ಕಣ್ಣಲ್ಲೇ ಹೇಳಿದ. ಅಂಬಣ್ಣ ಬಿಳಿ ಅಂಗಿ ಬಿಚ್ಚಿ ಮಾನಮ್ಮನ ಕೈಗೆ ಕೊಟ್ಟ.

ಮೊದಲು ಬಿದಿರಿನ ಪಟ್ಟಿ ಹಾಕಿದ. ಅದು ಸಿಕ್ಕಿಹಾಕಿಕೊಂಡಿತು. ಆಮೇಲೆ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ, ಮುಖ ಆ ಕಡೆ ತಿರುಗಿಸಿ, ಭುಜದ ತನಕ ಕೈ ಹಾಕಿದ. ಗ್ಲೌಸ್ ಕೊಡುವುದು ಯಾರಿಗೂ ನೆನಪಾಗಲಿಲ್ಲ. ನನ್ನ ಕೈಯಲ್ಲೇ ಇದ್ದವು.

ಅರಿವೆಯ ಉಂಡೆ ಹೊರಗೆ ಬಂತು. ಒಂದಕ್ಕೊಂದು ಸುತ್ತಿಕೊಂಡು ಹಗ್ಗದ ಹಾಗೆ. ಎಳೆದಷ್ಟೂ ಬಂತು. ಎಲ್ಲರೂ ಹಿಂದೆ ಸರಿದರು. ಅವನು ಬಕೆಟಿನ ನೀರು ಸುರಿದಾಗ ಒಂದು ತುಂಡು ಬಿಚ್ಚಿಕೊಂಡಿತು. ಹಳದಿ ಹೂವು. ಸಂಕ್ರಾಂತಿಯಿಂದ ನಾನು ಹುಡುಕುತ್ತಿದ್ದ ಬೆಡ್‌ಶೀಟು. ಅದರ ಕೆಳಗೆ ಹಸಿರು ಚೌಕಡಿ, ಕೆಂಪು ದಡಿ. ಅತ್ತೆಯ ಹಳೆಯ ಸೀರೆ.

ಇವರ ಕಡೆ ನೋಡಿದೆ. ಇವರು ಮನೆಯ ಬಟ್ಟೆ ಯಾವತ್ತು ಗಮನಿಸಿದ್ದಾರೆ? ಪೊರಕೆ ಹಿಡಿದು ಆರಾಮಾಗಿ ನಿಂತಿದ್ದರು.

ಮಾನಮ್ಮ ನನ್ನ ಹತ್ತಿರ ಬಂದಳು. "ಅಕ್ಕಾರ, ಇವು ನಮ್ಮ ಅರಿಬಿ ಅಲ್ರಿ. ನಮ್ಮ ಹತ್ರ ಹರದು ಒಗಿಯೂವಷ್ಟು ಅರಿಬಿ ಎಲ್ಲಿದ್ದಾವ್ರಿ? ನಾವು ಹಾಕಿಲ್ಲ. ಇಷ್ಟು ಅವರಿಗೆ ತಿಳಿಸಿ ಹೇಳ್ರಿ, ಸಾಕು."

"ಕಾಯ್ ಮ್ಹಣತೇ?" ಅಂದರು ಕಾಕಾ. ಏನಂತಾಳೆ?

ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಪುನ್ಹಾ ಅಸಂ ಹೋಣಾರ್ ನಾಹೀ ಮ್ಹಣತೇ" ಅಂದೆ. ಇನ್ನು ಮುಂದೆ ಹೀಗಾಗುವುದಿಲ್ಲ ಅಂತಾಳೆ ಎಂದೆ.

ಅವಳು ಹೇಳಿದ್ದು ಅದಲ್ಲ. ಅದಲ್ಲ.

ಮಾನಮ್ಮ ನನ್ನ ಮುಖ ನೋಡಿದಳು. ತಿಳಿಯಿತೇ ಅವಳಿಗೆ? ತಿಳಿದಿರಲಾರದು... ಅಂಬಣ್ಣ ಕೈ ತೊಳೆದುಕೊಂಡು ಎದ್ದ. ಮುಂಗೈಗೆ ಗಾಜೋ ತಗಡೋ ತಾಗಿ ರಕ್ತ ಬರುತ್ತಿತ್ತು. ಅದೇ ಕೈ ಜೋಡಿಸಿದ. "ನೀವಿದ್ರಿ ಅಂತ ಆತ್ರಿ ಅಕ್ಕಾರ. ನಮ್ಮ ಪರವಾಗಿ ನಾಕ್ ಮಾತು ಆಡಿದ್ರಿ."

ಆಮೇಲೆ ಎಲ್ಲರಿಗೂ ಅವಲಕ್ಕಿ, ಚಹಾ. ಹಂಚಿದ್ದು ನಾನೇ.

ಮಾರ್ಚ್ 24, ಸೋಮವಾರ

ಇವರು ಹೋದ ಮೇಲೆ ಅತ್ತೆಯ ಮುಂದೆ ಕೂತೆ. ಕಿಟಕಿಯ ಹತ್ತಿರ ಬೆಳ್ಳುಳ್ಳಿ ಸುಲಿಯುತ್ತಿದ್ದರು. ನಿನ್ನೆ ಮೊಣಕಾಲು ನೋವೆಂದು ಹೊರಗೆ ಬಂದಿರಲಿಲ್ಲ, ಏನೂ ನೋಡಿಲ್ಲ.

"ಅತ್ತೀ, ಆ ಹಳದಿ ಹೂವಿನ ಬೆಡ್‌ಶೀಟ್ ಎಲ್ಲದ?"

ಕೈ ನಿಂತಿತು.

"ನನಗ ತಡಿಯೂದಿಲ್ಲವಾ ಈಗ" ಅಂದರು. "ಗೊತ್ತಾಗೂದ್ರಾಗ ಆಗಿ ಹೋಗಿರ್ತದ. ಹಳಿ ಅರಿಬಿ ಹರಕೊಂಡು ಇಟಗೋತೀನಿ. ಒಗದು ಹಾಕಿದ್ರ ನೀವು ನೋಡ್ತೀರಿ. ಅದಕ್ಕ ಬಚ್ಚಲ ತೂತಿನ ಜಾಳಗಿ ಎತ್ತಿ ಒಳಗ..."

"ನನಗ ಹೇಳಬಾರದಿತ್ತೇನ್ರಿ?"

"ದೀಪಾವಳ್ಯಾಗ ನಿನ್ನ ತಂಗಿ ಮುಂದ ಅಂದಿ ನೋಡು, ಮನ್ಯಾಗ ಇದೇನು ನಾತ ಅಂತ. ಆವತ್ತಿಂದ ಧೈರ್ಯ ಆಗ್ಲಿಲ್ಲ."

ನಾನು ಅಂದದ್ದು ಗಟಾರದ ವಾಸನೆಗೆ. ಅವರ ಬಗ್ಗೆ ಅಲ್ಲ ಎಂದು ಹೇಳಲು ಹೋದೆ. ಹೇಳದೆ ಅವರ ಮುಂದಿನ ಬೆಳ್ಳುಳ್ಳಿ ಸುಲಿಯತೊಡಗಿದೆ. ಬಚ್ಚಲ ಬಾಗಿಲು ಹಾಕಿಕೊಂಡು, ಸದ್ದು ಕೇಳಬಾರದೆಂದು ನಳ ಬಿಟ್ಟುಕೊಂಡು, ಒಬ್ಬರೇ... ಇಷ್ಟು ತಿಂಗಳು! ನಾನು ಹೊರಗೆ ನಿಂತು ನೀರು ದಂಡವಾಗುತ್ತದೆ ಎಂದು ಕೂಗುತ್ತಿದ್ದೆ.

ನಿನ್ನೆ ಗಲ್ಲಿಯಲ್ಲಿ ನಡೆದದ್ದನ್ನು ಮಾತ್ರ ಹೇಳಲಿಲ್ಲ. ಅವರ ಮನಸ್ಸಿಗೆ ನೋವಾಗುತ್ತದೆ ಎಂದು ಅಂದುಕೊಂಡೆ. ಸುಳ್ಳು. ನನ್ನ ಮಾತು ಹೊರಬೀಳುತ್ತದೆ ಎಂದು.

ಸಂಜೆ ಇವರಿಗೆ ಅರಿವೆಯ ವಿಷಯ ತಿಳಿಸಿದೆ. ತಲೆ ಹಿಡಿದು ಕೂತರು. ಆಮೇಲೆ ಅಂದರು, "ಆಗಿದ್ದು ಆಗಿ ಹೋತು. ಅವ್ವನ ಮರ್ಯಾದಿ ಪ್ರಶ್ನೆ ಇದು. ನೀ ಯಾರ ಮುಂದೂ ಬಾಯಿ ಬಿಡಬ್ಯಾಡ."

ಅವ್ವನ ಮರ್ಯಾದೆ. ಅಂಬಣ್ಣ ಹೊಟ್ಟೆ ಹಚ್ಚಿ ಮಲಗಿದ್ದನ್ನು ಇವರೂ ನೋಡಿದ್ದರು.

ಮಾರ್ಚ್ 27, ಗುರುವಾರ

ಶೆಡ್ಡಿನ ನಳ ಬಂದ್ ಮಾಡಿಸಿದ್ದಾರೆ. ಮತ್ತೆ ಗಲೀಜು ಆಗಬಾರದೆಂದು ಕಾಕಾ ಕಾಂಟ್ರಾಕ್ಟರನಿಗೆ ಹೇಳಿದರಂತೆ. ಮಾನಮ್ಮ ಬೆಳಿಗ್ಗೆ ರಸ್ತೆಯಾಚೆಯ ನಳದಿಂದ ಕೊಡ ಹೊರುತ್ತಾಳೆ. ನಮ್ಮ ಗೇಟಿನ ಮುಂದೆಯೇ ಹಾಯಬೇಕು. ಹಾಯುತ್ತಾಳೆ. ತಲೆ ಎತ್ತುವುದಿಲ್ಲ.

ಅಂಬಣ್ಣನ ಕೈ ಬಾತಿದೆ. ಜ್ವರ. ಕೆಲಸಕ್ಕೆ ಹೋಗಿಲ್ಲ. ಮುಲಾಮು ತಂದು ಗೋಡೆಯ ಮೇಲಿಟ್ಟೆ. ಸಂಜೆಯೂ ಅಲ್ಲೇ ಇತ್ತು.

ಮಾರ್ಚ್ 30, ಭಾನುವಾರ, ಯುಗಾದಿ

ಕೋಲಿಗೆ ರೇಷ್ಮೆ ವಸ್ತ್ರ ಕಟ್ಟಿ ಗುಡಿ ಏರಿಸಿದೆವು. ಬೇವು ಬೆಲ್ಲ, ಹೋಳಿಗೆ. ಎಲ್ಲರ ಬಾಗಿಲಲ್ಲೂ ರಂಗೋಲಿ. ಗಲ್ಲಿ ಕನ್ನಡಿಯ ಹಾಗಿದೆ ಎಂದು ಗ್ರೂಪಿನಲ್ಲಿ ಹೊಗಳಿಕೆ.

"ಮಾನಮ್ಮ ಯಾಕ ಬರವಲ್ಲಳು?" ಅಂದರು ಅತ್ತೆ. "ಹೋಳಿಗಿ ಕೊಟ್ಟು ಬಾ."

ಊರಿಗೆ ಹೋಗಿದ್ದಾಳೆ ಅಂದೆ.

ಏಪ್ರಿಲ್ 3, ಗುರುವಾರ

ನಾನು ಅಂಗಡಿಗೆ ಹೋದಾಗ ಅತ್ತೆ ಹಿತ್ತಲ ಬಾಗಿಲಿಗೆ ಹೋಗಿ ಮಾನಮ್ಮನನ್ನು ಕೂಗಿ ಮಾತಾಡಿಸಿದ್ದಾರೆ. ಬಂದು ನೋಡಿದರೆ ಕೋಲು ಹಿಡಿದು, ಸೆರಗು ಹೊದ್ದು ಬಾಗಿಲಲ್ಲಿ ನಿಂತಿದ್ದಾರೆ. ಅರಿವೆ, ಅಂಬಣ್ಣನ ಕೈ, ನಳ, ಎಲ್ಲ ಗೊತ್ತಾಗಿದೆ. ಬೈಯಲಿಲ್ಲ. ಊರಿಗೆ ಹೋಗಿದ್ದಾಳೆ ಅಂದೆಯಲ್ಲ ಎಂದೂ ಕೇಳಲಿಲ್ಲ.

"ನಡಿ, ದತ್ತು ಕಾಕಾನ ಮನಿಗೆ. ನನಗ ಅಷ್ಟು ಮರಾಠಿ ಬರೂದಿಲ್ಲ. ನಾ ಹೇಳಿದ್ದಷ್ಟು ಹೇಳು."

"ಅತ್ತೀ, ಬ್ಯಾಡ್ರಿ. ಇವರು ಬರ್ಲಿ—"

"ನಡೀವಾ."

ಕಾಕಾ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದರು. ಪ್ರಾಚಿ ಇದ್ದಳು, ಇನ್ನೂ ಇಬ್ಬರು ಹೆಂಗಸರಿದ್ದರು. ಅತ್ತೆ ಕೂರಲಿಲ್ಲ. ನಿಂತೇ ಹೇಳಿದರು.

"ಆ ಅರಿಬಿ ನನ್ನವು. ನನಗ ಉಚ್ಚಿ ತಡಿಯೂದಿಲ್ಲ. ನಾಚಿಕಿಗೆ ಬಚ್ಚಲದಾಗ ಹಾಕ್ತಿದ್ದೆ. ಆ ಹುಡುಗ ನನ್ನ ಹೊಲಸಿನ್ಯಾಗ ಕೈ ಹಾಕಿದ. ಅವರದು ತಪ್ಪಿಲ್ಲ. ಅವರ ನಳ ಬಿಡಸ್ರಿ."

ಪ್ರತಿಯೊಂದು ಮಾತನ್ನೂ ಮರಾಠಿಗೆ ತಂದೆ. ಒಂದನ್ನೂ ಬಿಡಲಿಲ್ಲ, ಮೆತ್ತಗೂ ಮಾಡಲಿಲ್ಲ. ಉಚ್ಚಿ ಅನ್ನುವ ಮಾತು ಹೇಳುವಾಗ ನನ್ನ ಧ್ವನಿ ಸಣ್ಣದಾಯಿತು. ಅತ್ತೆಯ ಧ್ವನಿ ಸಣ್ಣದಾಗಿರಲಿಲ್ಲ.

ಕಾಕಾ ಎದ್ದು ನಿಂತರು. ಪ್ರಾಚಿ ಕಣ್ಣೊರೆಸಿಕೊಂಡಳು. ಒಬ್ಬರು ಬಂದು ಅತ್ತೆಯ ಕಾಲು ಮುಟ್ಟಿದರು. ಎಂಥ ದೊಡ್ಡ ಮನಸ್ಸು, ಎಂಥ ಮನೆತನ ಎಂದೆಲ್ಲ ಅಂದರು. ಕಾಕಾ ಅಲ್ಲೇ ಕಾಂಟ್ರಾಕ್ಟರನಿಗೆ ಫೋನ್ ಹಚ್ಚಿದರು. ಆಮೇಲೆ ನನ್ನ ಕಡೆ ತಿರುಗಿ, "ವಹಿನಿ, ಪಾಪ, ನಿಮಗೂ ಗೊತ್ತಿರಲಿಲ್ಲ ಅಲ್ಲವೇ?" ಅಂದರು.

"ನಾಹೀ" ಅಂದೆ. ಗೊತ್ತಿರಲಿಲ್ಲ ಎಂದೆ.

ಅಷ್ಟು ಮರಾಠಿ ಅತ್ತೆಗೆ ಬರುತ್ತದೆ. ಬೆಡ್‌ಶೀಟ್ ಎಲ್ಲಿದೆ ಎಂದು ಚೇಂಬರ್ ತೆಗೆದ ಮರುದಿನವೇ ನಾನು ಕೇಳಿದ್ದೆ ಎಂಬುದೂ ಅವರಿಗೆ ನೆನಪಿದೆ. ನನ್ನ ಹೆಗಲ ಮೇಲೆ ಕೈಯಿಟ್ಟುಕೊಂಡು ನಿಧಾನಕ್ಕೆ ಮನೆಗೆ ಬಂದರು.

ಏಪ್ರಿಲ್ 5, ಶನಿವಾರ

ನಳ ಬಂತು. ಆದರೆ ಅವರು ಹೋದರು. ಮುಕಾದಮ ಅವರನ್ನು ಭೋಸರಿಯ ಸೈಟಿಗೆ ಹಾಕಿದ್ದಾನೆ. ಇಲ್ಲಿಗೆ ಬೇರೆ ಜನ ಬರುತ್ತಾರಂತೆ. ಮೊದಲೇ ನಿಶ್ಚಯವಾಗಿತ್ತು, ಇನ್ನು ಬದಲಿಸಲು ಆಗುವುದಿಲ್ಲ ಅಂದನಂತೆ.

ಅಂಬಣ್ಣ ಟೆಂಪೋದಲ್ಲಿ ತಗಡು, ಗ್ಯಾಸ್, ಪೆಟ್ಟಿಗೆ ಏರಿಸುತ್ತಿದ್ದ. ಒಂದೇ ಕೈಯಲ್ಲಿ. ಇನ್ನೊಂದಕ್ಕೆ ಪಟ್ಟಿ. ನಾನು ಗೋಡೆಯ ಹತ್ತಿರ ಹೋಗಿ ಮಾನಮ್ಮನನ್ನು ಕರೆದೆ. ಬಂದಳು.

"ಮಾನಮ್ಮ, ಆವತ್ತ ನಾನು—"

"ನನಗ ಮರಾಠಿ ಮಾತಾಡಾಕ ಬರಂಗಿಲ್ರಿ ಅಕ್ಕಾರ" ಅಂದಳು. "ಕೇಳಿದ್ರ ತಿಳೀತದ."

ನೆಲ ನೋಡಿದೆ.

"ಅವಂಗ ಹೇಳಿಲ್ರಿ. ಅಕ್ಕಾರು ನಮ್ಮ ಪರ ಮಾತಾಡಿದ್ರು ಅಂತ ಇನ್ನಾ ಅಂತಾನ. ಅನ್ಲಿ. ನೀವೂ ಹಿಂಗ ಮಾಡಿದ್ರಿ ಅಂತ ತಿಳದ್ರ, ಈ ಊರಾಗ ಇನ್ಯಾರನ್ನ ನಂಬ್ತಾನ್ರಿ ಅಂವ?"

ಟೆಂಪೋ ಹೊರಟಾಗ ಅಂಬಣ್ಣ ಪಟ್ಟಿ ಕಟ್ಟಿದ ಕೈ ಎತ್ತಿದ, ನನಗೆ. "ಬರ್ತೀವ್ರಿ ಅಕ್ಕಾರ."

ಏಪ್ರಿಲ್ 12, ಶನಿವಾರ

ಪ್ಲಂಬರ್ ಬಂದು ಲೈನ್ ಹೊಸದು ಹಾಕಿದ. ನೀರು ಸರಾಗ ಹೋಗುತ್ತದೆ. ಅತ್ತೆಯನ್ನು ಡಾಕ್ಟರ ಹತ್ತಿರ ಕರೆದೊಯ್ದಿದ್ದೆ. ಔಷಧ ಕೊಟ್ಟಿದ್ದಾರೆ. ಪ್ಯಾಡ್ ತಂದಿದ್ದೇನೆ. ಮೊದಲ ದಿನ ನಾನು ಕಟ್ಟುವಾಗ ಗೋಡೆ ಕಡೆ ಮುಖ ಮಾಡಿದರು. ಈಗ ಮಾಡುವುದಿಲ್ಲ.

ಇವತ್ತು ತಲೆ ಬಾಚುವಾಗ ಅವರಾಗಿಯೇ ಅಂದರು, "ನಂದು ನಾ ಹೇಳಿದೆ ಸುಮಂಗಲಾ."

ಉಳಿದದ್ದು ನನ್ನದು.

ಏಪ್ರಿಲ್ 13, ಭಾನುವಾರ

ಮಂಡಳದ ಮೀಟಿಂಗ್. ಎದ್ದು ನಿಂತೆ. ಆ ದಿನ ಮಾನಮ್ಮ ನಿಜವಾಗಿ ಏನು ಹೇಳಿದ್ದಳು, ನಾನು ಏನೆಂದು ಹೇಳಿದೆ, ಅರಿವೆಯ ಗುರುತು ನನಗೆ ಆಗಲೇ ಸಿಕ್ಕಿತ್ತು... ಹೇಳಿಬಿಟ್ಟೆ. ಇವರು ಚಪ್ಪಲಿ ಮೆಟ್ಟಿ ಹೊರಗೆ ಹೋದರು.

ಬೈಯುತ್ತಾರೆ ಅಂದುಕೊಂಡಿದ್ದೆ. ಕಾಕಾ ಸ್ವಲ್ಪ ಹೊತ್ತು ಕನ್ನಡಕ ಒರೆಸಿದರು. "ಜಾವೂ ದ್ಯಾ, ವಹಿನಿ" ಅಂದರು. ಬಿಡಿ, ಹೇಗೂ ಆ ಶೆಡ್ಡಿನವರು ಹೋದರಲ್ಲ ಎಂದು. ಮುಂದಿನ ವಿಷಯ ತೆಗೆದರು, ಒಣ ಕಸಕ್ಕೆ ಬೇರೆ ಬಕೆಟ್ ಇಡುವುದು.

ಅಷ್ಟೇ. ಅಷ್ಟಕ್ಕೇ ಇಷ್ಟು ದಿನ ಹೆದರಿದ್ದೆ.

ಏಪ್ರಿಲ್ 20, ಭಾನುವಾರ, ಸಂಜೆ

ಭೋಸರಿಗೆ ಹೋಗಿ ಬಂದೆ. ಒಬ್ಬಳೇ, ಬಸ್ಸಿನಲ್ಲಿ. ಮುಕಾದಮನಿಂದ ವಿಳಾಸ ಇಸಿದುಕೊಂಡಿದ್ದೆ. ಕಾರ್ಖಾನೆಗಳ ಹಿಂದೆ ದೊಡ್ಡ ಸೈಟು. ತಗಡಿನ ಶೆಡ್ಡುಗಳ ಸಾಲು. ಅಂಬಣ್ಣನಿಗೆ ತಿಳಿಯದಿರಲಿ ಎಂಬಂತೆ ಮಾನಮ್ಮ ಹೇಳಿದ್ದಳು. ದಾರಿಯುದ್ದಕ್ಕೂ ಅದೇ ಯೋಚನೆ. ಆದರೆ ಅವನು ಎತ್ತಿದ ಕೈ ಕಣ್ಣಿನಿಂದ ಹೋಗುತ್ತಿರಲಿಲ್ಲ. ಅವನ ಕೃತಜ್ಞತೆ ಇಟ್ಟುಕೊಂಡು ಬದುಕಲು ನನಗೆ ಆಗುತ್ತಿರಲಿಲ್ಲ. ನನಗೆ ಆಗುತ್ತಿರಲಿಲ್ಲ... ಹೌದು, ನನಗೆ.

ಅಂಬಣ್ಣ ನೋಡಿದವನೇ ಓಡಿ ಬಂದ. "ಅಕ್ಕಾರ ಬಂದಾರ ನೋಡು!" ಎಂದು ಕೂಗಿದ. ಅಕ್ಕಪಕ್ಕದ ಶೆಡ್ಡಿನವರಿಗೆಲ್ಲ ಹೇಳಿದ, ಪೇಠದಾಗ ನಮ್ಮ ಕೈ ಹಿಡದವರು ಇವರೇ ಎಂದು. ಕುರ್ಚಿ ಎಲ್ಲಿಂದಲೋ ತಂದ. ಚಹಾ ತರಿಸಿದ. ಕೈಯಲ್ಲಿ ಪಟ್ಟಿ ಇರಲಿಲ್ಲ. ಎರಡು ಬೆರಳು ಪೂರ್ತಿ ಮಡಚುತ್ತಿಲ್ಲ, ಲೋಟ ಹಿಡಿದಾಗ ಕಂಡಿತು.

ಮಾನಮ್ಮ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಬೇಡ ಎಂಬಂತೆ ತಲೆ ಆಡಿಸಿದಳು. ಸ್ವಲ್ಪವೇ.

ನಾನು ಹೇಳಿದೆ. ನಮ್ಮದೇ ಮಾತಿನಲ್ಲಿ ಹೇಳಿದೆ. "ಅಂಬಣ್ಣ, ಆವತ್ತ ನಿಮ್ಮ ಪರವಾಗಿ ನಾ ಏನೂ ಮಾತಾಡಲಿಲ್ಲ. ಮಾನಮ್ಮ ನಾವು ಹಾಕಿಲ್ಲ ಅಂದಳು. ನಾ ಅದನ್ನ ತಿರುವಿ, ತಪ್ಪು ನಿಮ್ಮದ ಅನ್ನೂ ಹಂಗ ಹೇಳಿದೆ. ಅರಿಬಿ ನಮ್ಮನಿವು ಅಂತ ನನಗ ಗೊತ್ತಾಗಿತ್ತು."

ಮೊದಲು ನಕ್ಕ. ತಿಳಿಯಲಿಲ್ಲ ಅನಿಸುತ್ತದೆ. ಆಮೇಲೆ ಲೋಟ ಕೆಳಗಿಟ್ಟ. ಅಕ್ಕಪಕ್ಕದವರು ಕೇಳುತ್ತಾ ನಿಂತಿದ್ದರು. ಈಗಷ್ಟೇ ನನ್ನನ್ನು ಹೊಗಳಿದ್ದು ಅವರ ಮುಂದೆಯೇ.

ಹೆಂಡತಿಯ ಕಡೆ ತಿರುಗಿದ.

"ನಿನಗ ಗೊತ್ತಿತ್ತೇನು?"

ಮಾನಮ್ಮ ತಲೆ ತಗ್ಗಿಸಿದಳು.

"ಗೊತ್ತಿದ್ದೂ ಇಷ್ಟ ದಿನ ನನ್ನ ಬಾಯಿಂದ ಇವರನ್ನ ಹೊಗಳಸಿದಿ?"

ಅವಳು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ನಾನು ಎದ್ದೆ. ಅವಳದು ತಪ್ಪಿಲ್ಲ, ನಿಮ್ಮ ಸಲುವಾಗಿಯೇ ಸುಮ್ಮನಿದ್ದಳು ಎಂದು ಹೇಳಲು ಬಾಯಿ ತೆರೆದೆ. ಅಂಬಣ್ಣ ಆ ಕೈ ಎತ್ತಿ ತಡೆದ.

"ನೀವು ಇನ್ನ ಯಾರ ಮಾತೂ ಹೇಳಬ್ಯಾಡ್ರಿ ಅಕ್ಕಾರ" ಅಂದ. "ಅಕಿದು ಅಕಿ ಹೇಳ್ತಾಳ."

ನಾನು ಬಸ್ಸಿಗೆ ನಡೆದೆ.